ನಮ್ಮ ಮಾವನ ಕಣ್ಣಿನ ವಾಲ್ವು

ಚಳ್ಳಕೆರೆಯ ಅರ್ಧ ಊರಿಗೆ ನೀರು ಬಿಡುತ್ತಿದ್ದ ನಮ್ಮ ಸೋದರಮಾವನ ಕಣ್ಣಿನೊಳಗೇ ಒಂದು ವಾಲ್ವ್ ಇದೆ! ನಂಬಿಕೆ ಬರದಿದ್ದರೆ ಅವರೇ ರೆಪ್ಪೆ ಎತ್ತಿ ತೋರಿಸುತ್ತಾರೆ. ನಂಬಿದರೂ ತೋರಿಸುತ್ತಾರೆ. ಊಟಕ್ಕೆ ಕೂತವರಿಗೂ ತೋರಿಸುತ್ತಾರೆ ಎನ್ನುವುದು ನಮ್ಮತ್ತೆಯ ದೂರು.

ಮಾವ ನೀರು ಸರಬರಾಜಿನ ವಾಲ್ವ್‌ಮನ್. ವಾಲ್ವ್ ತಿರುಗಿಸುವ ಆಳುದ್ದದ ಸಲಾಕೆ ಹೊತ್ತು ಸೈಕಲ್ ಏರಿದರೆಂದರೆ ಬೀದಿಬೀದಿಯಲ್ಲಿ ಕೊಡಗಳು ಸಾಲು ನಿಲ್ಲುತ್ತಿದ್ದವು. ಯಾವ ಬೀದಿಗೆ ಎಷ್ಟು ಸುತ್ತು ಎನ್ನುವುದು ಅವರ ತಲೆಯಲ್ಲಿತ್ತೇ ಹೊರತು ಯಾವ ಕಾಗದದಲ್ಲೂ ಇರಲಿಲ್ಲ. ಇಂಥ ಗತ್ತಿನ ಮನುಷ್ಯ ತೊಂಬತ್ತರ ದಶಕದ ಕೊನೆಗೆ ನಿಂತ ಎಮ್ಮೆಗೆ, ನಿಂತ ಲಾರಿಗೆ, ನಿಂತ ಬೀಗರಿಗೆ ಡಿಕ್ಕಿ ಹೊಡೆಯತೊಡಗಿದರು.

“ಕಣ್ಣು ತೋರಿಸ್ಕಳ್ರಿ,” ಎಂದರು ಅತ್ತೆ.

“ನನ್ ಕಣ್ಣಿಗೇನಾಗೈತೆ? ಈ ಊರಾಗೆ ಎಲ್ಲಾರೂ ಪಕ್ಕದಿಂದ್ಲೇ ಬರ್ತಾರೆ. ಎದುರಿಗೆ ಬರಾಕೆ ಏನ್ ರೋಗ ಇವರಿಗೆ!”

ರೋಗ ಇದ್ದದ್ದು ಮಾವನಿಗೆ! ನೋವಿಲ್ಲ, ಕೆಂಪಿಲ್ಲ, ಕಣ್ಣು ಸದ್ದಿಲ್ಲದೆ ಪಕ್ಕದ ನೋಟವನ್ನು ಬಿಟ್ಟುಕೊಡುತ್ತಾ ಬಂದಿತ್ತು. ನಾನು ಬೆಂಗಳೂರಿಗೆ ಎಳೆದೊಯ್ಯುವಷ್ಟರಲ್ಲಿ ಎಡಗಣ್ಣು ಪೂರ್ತಿ ಹೋಗಿತ್ತು. ಬಲಗಣ್ಣಿನಲ್ಲಿ ನಡುವಿನಷ್ಟು ಮಾತ್ರ ಉಳಿದಿತ್ತು.

“ಗ್ಲಾಕೋಮಾ,” ಎಂದರು ಡಾಕ್ಟರಮ್ಮ. “ಕಣ್ಣಿನೊಳಗೆ ಊರುವ ದ್ರವ ಹೊರಗೆ ಹೋಗೋ ದಾರಿ ಕಟ್ಟಿಕೊಂಡಿದೆ. ಒತ್ತಡ ಏರಿ ನರ ಸಾಯ್ತಿದೆ. ಹೋದದ್ದು ವಾಪಸ್ ಬರಲ್ಲ. ಇರೋದನ್ನ ಉಳಿಸಿಕೊಳ್ಳೋಣ.”

“ಅಂದ್ರೆ ಟ್ಯಾಂಕು ತುಂಬ್ತಾ ಐತೆ, ಔಟ್‌ಲೆಟ್ಟು ಬ್ಲಾಕು. ಇಷ್ಟೇ ತಾನೆ?”

ಡಾಕ್ಟರಮ್ಮ ನನ್ನ ಮುಖ ನೋಡಿದರು. ಹೌದಲ್ಲ, ಇಷ್ಟೇ!

ಹನಿ ಔಷಧಿ ಸಾಲಲಿಲ್ಲ. ಕಣ್ಣಿನ ಗೋಡೆಯಲ್ಲಿ ಸಣ್ಣ ದಾರಿ ಕೊರೆದು ದ್ರವ ಹರಿಯಬಿಡುವ ಆಪರೇಷನ್ ಆಯಿತು. ಕೆಲವೇ ತಿಂಗಳಲ್ಲಿ ಗಾಯ ಮಾಯುತ್ತಾ ಮಾಯುತ್ತಾ ಆ ದಾರಿಯನ್ನೂ ಮುಚ್ಚಿಕೊಂಡಿತು. ಗಾಯ ಮಾಯ್ದರೆ ಜನ ಸಂತೋಷಪಡುತ್ತಾರೆ, ನಮಗೆ ಅದೇ ಗ್ರಹಚಾರವಾಯಿತು!

“ಈಗ ಹೊಸದೊಂದು ಬಂದಿದೆ. ಸಣ್ಣ ನಳಿಕೆ, ಅದಕ್ಕೊಂದು ವಾಲ್ವ್. ಕಣ್ಣಿನ ಬಿಳಿಭಾಗದಲ್ಲಿ, ಪೊರೆಯ ಕೆಳಗೆ ಇಟ್ಟು ಹೊಲೀತೀವಿ. ಆದರೆ ನಿಮಗಿರೋದು ಒಂದೇ ಕಣ್ಣು. ಯೋಚನೆ ಮಾಡಿ ಹೇಳಿ,” ಎಂದರು ಡಾಕ್ಟರಮ್ಮ.

ನಾನು ಮಾವನ ಕಡೆ ತಿರುಗಿದೆ. ಹೆಚ್ಚುಕಡಿಮೆಯಾದರೆ ಮಾವನಿಗೆ ಇನ್ನೇನೂ ಕಾಣುವುದಿಲ್ಲ. ಮಾವ ಮಾತ್ರ ಕುರ್ಚಿಯ ತುದಿಗೆ ಸರಿದು ಕೂತರು.

“ವಾಲ್ವಾ? ಎಷ್ಟ್ ಇಂಚಿಂದಮ್ಮಾ?”

“ಇಂಚಲ್ಲ ಯಜಮಾನ್ರೇ, ಹೆಬ್ಬೆರಳಿನ ಉಗುರಿನಷ್ಟು.”

“ತಿರುಗ್ಸೋರು ಯಾರು?”

“ಯಾರೂ ಬೇಡ. ಒತ್ತಡ ಏರಿದರೆ ತಾನೇ ತೆರೆಯುತ್ತೆ, ಇಳಿದರೆ ತಾನೇ ಮುಚ್ಚಿಕೊಳ್ಳುತ್ತೆ.”

ಮಾವನ ಮುಖ ಇಳಿಯಿತು. “ಹಂಗಾದ್ರೆ ನಮ್ಮಂಥೋರ ನೌಕರಿ ಗತಿ?”

ಆಪರೇಷನ್ ಗೆದ್ದಿತು! ಒತ್ತಡ ಇಳಿಯಿತು, ಇದ್ದ ನೋಟ ಉಳಿಯಿತು. ಮೊದಲೇ ಮಾತುಗಾರ ಮಾವ, ಇನ್ನು ಕೇಳಬೇಕೆ? “ಡಾಕ್ಟ್ರಮ್ಮ ಕೂರ್ಸಿರೋ ವಾಲ್ವ್ ನೋಡ್ರಿ, ಒಂದ್ ಹನಿ ಲೀಕಿಲ್ಲ! ನಾನು ಊರಿಗೆಲ್ಲಾ ಕೂರ್ಸಿದೀನಿ, ಒಂದಾದ್ರೂ ಹಿಂಗೈತಾ?” ಎಂದು ಸಿಕ್ಕವರಿಗೆಲ್ಲ ಸಾರಿದರು. ಮೋಟರ್ ವೈಂಡಿಂಗ್ ಮಾಡುವ ಅವರ ಗೆಳೆಯ ಚಾಚಾ ಕಣ್ಣಿನ ಹತ್ತಿರ ಬಗ್ಗಿ ನೋಡಿ, “ಭಾಯ್, ಗ್ಯಾರಂಟಿ ಎಷ್ಟ್ ವರ್ಷದ್ದು?” ಎಂದ. “ನಾನಿರೋಗಂಟ!” ಎಂದರು ಮಾವ.

ಸೈಕಲ್ ಬಿಟ್ಟರು, ಸಲಾಕೆ ಬಿಡಲಿಲ್ಲ. ನಿವೃತ್ತಿಯಾಗುವ ತನಕ ನಡೆದೇ ಹೋಗಿ, ಕೈಯಲ್ಲೇ ತಡವಿ, ಸುತ್ತು ಎಣಿಸಿ ನೀರು ಬಿಟ್ಟರು. ಒಂದು ಬೀದಿಗೂ ಸರದಿ ತಪ್ಪಲಿಲ್ಲ. ಇಂಥವರ ಅಳಿಯ ನಾನು ಎಂದು ಹೇಳಿಕೊಳ್ಳುವಾಗ ನನ್ನ ಎದೆ ಉಬ್ಬದೇ ಇದ್ದೀತೇ?

ಕಾಯಿಲೆ ರಕ್ತಸಂಬಂಧಿಗಳಿಗೂ ಬರಬಹುದು, ಎಲ್ಲರೂ ಪರೀಕ್ಷೆ ಮಾಡಿಸಲಿ ಎಂದು ಡಾಕ್ಟರಮ್ಮ ಹೇಳಿದ್ದೇ ತಡ, ಮಾವ ನೆಂಟರಿಗೂ ಸರದಿ ಹಾಕಿದರು! ಸೋಮವಾರ ನನ್ನಿವಾಳದವರು, ಗುರುವಾರ ಸಿದ್ದಾಪುರದವರು. ಮದುವೆಮನೆಯಲ್ಲಿ ಊಟ ಆಯ್ತಾ ಎಂದು ಯಾರನ್ನೂ ಕೇಳಲಿಲ್ಲ. “ಪ್ರೆಶರ್ ನೋಡಿಸ್ದೇನಲೇ?” ಎಂದೇ ಕೇಳಿದರು. ಮದುಮಗನನ್ನೂ ಬಿಡಲಿಲ್ಲ.

ಊರಿಗೆಲ್ಲ ಅವರ ಗುಣಗಾನ ಮಾಡುತ್ತಿದ್ದ ನಾನು ಮಾತ್ರ ನಮ್ಮೂರು ಮೊಳಕಾಲ್ಮೂರಿನಲ್ಲಿ ಕೂತು ವರ್ಷಗಟ್ಟಲೆ ತಪ್ಪಿಸಿಕೊಂಡೆ. ಕೊನೆಗೊಂದು ದಿನ ಮಾವ ಬಸ್ಸು ಹತ್ತಿ ಬಂದು, ಅವ್ವ ಕೊಟ್ಟ ಕಾಫಿಯನ್ನೂ ಕುಡಿಯದೆ, “ನಡೀಲೇ ಅಳಿಯ,” ಎಂದು ರಟ್ಟೆ ಹಿಡಿದು ಚಳ್ಳಕೆರೆಯ ಕಣ್ಣಿನ ಡಾಕ್ಟರ ಹತ್ತಿರ ಕರೆದೊಯ್ದರು.

ನನ್ನ ಕಣ್ಣಿನಲ್ಲೂ ಒತ್ತಡ ಏರಿತ್ತು.

ಹೊರಗೆ ಬಂದಾಗ ಮಾವ ಬೆಂಚಿನ ಮೇಲೆ ಟವೆಲ್ಲು ಹಿಂಡುತ್ತಾ ಕೂತಿದ್ದರು. ಪಕ್ಕದಲ್ಲಿದ್ದವರಿಗೆ ವಾಲ್ವ್ ತೋರಿಸಿರಲಿಲ್ಲ.

“ಏನಂತೆ?”

“ನಂಗೂ ಐತಂತೆ ಮಾವ. ಬೇಗ ಸಿಕ್ಕೈತೆ, ಇನ್ನೂ ಏನೂ ಹಾಳಾಗಿಲ್ಲ. ಸದ್ಯಕ್ಕೆ ಹನಿ ಹಾಕ್ಕಂಡ್ರೆ ಸಾಕಂತೆ.”

ನಾನು ಹೇಳಲಿಲ್ಲವೇ ಎಂದು ಜಂಬ ಕೊಚ್ಚುತ್ತಾರೆ ಎಂದುಕೊಂಡಿದ್ದೆ. ಮಾವ ನನ್ನ ಗಲ್ಲ ಹಿಡಿದು, ಮುಖ ಹತ್ತಿರಕ್ಕೆ ಎಳೆದುಕೊಂಡು, ಮೊದಲು ಬಲಗಣ್ಣು ನೋಡಿದರು. ಆಮೇಲೆ ಎಡಗಣ್ಣು. ತುಂಬಾ ಹೊತ್ತು ಅದನ್ನೇ ನೋಡಿದರು.

“ಎಡದ್ದೂ?” ಎಂದರು.

“ಎಡದ್ದೂ ಚೆನ್ನಾಗೈತೆ ಮಾವ.”

ಒಳಗಿಂದ ಇನ್ನೊಬ್ಬರ ಹೆಸರು ಕೂಗಿದರು. ಮಾವ ನನ್ನ ಗಲ್ಲ ಬಿಡಲೇ ಇಲ್ಲ.