ಗಂಗವ್ವನ ಕೈಗೆ ನಾನು ಕೂಡಿಸಿದ ಕಡ್ಡಿ

ಸಡಿಲವಾದದ್ದನ್ನು ಕಂಡರೆ ನನಗೆ ಸುಮ್ಮನೆ ಕೂಡಲು ಆಗುವುದಿಲ್ಲ. ಮನೆಯವರು ಇದನ್ನು ರೋಗ ಎನ್ನುತ್ತಾರೆ. ನಾನು ಇಷ್ಟು ದಿನ ಗುಣ ಎಂದುಕೊಂಡಿದ್ದೆ. ಸಿದ್ಧೇಶ್ವರ ಗುಡಿಯ ಹತ್ತಿರ ಮೂವತ್ತೈದು ವರ್ಷದಿಂದ ಫ್ಯಾನು, ಮಿಕ್ಸರ್ ರಿಪೇರಿ ಮಾಡಿಕೊಂಡು ಬಂದವನು ನಾನು. ಜಗತ್ತಿನ ತೊಂದರೆಗಳೆಲ್ಲ ಎಲ್ಲೋ ಒಂದು ಸ್ಕ್ರೂ ಸಡಿಲಾಗಿರುವುದರಿಂದಲೇ ಹುಟ್ಟುತ್ತವೆ ಎಂಬುದು ನನ್ನ ನಂಬಿಕೆ. ಮನೆಗೆ ಬಂದ ಮೇಲೂ ಕೈ ಸುಮ್ಮನಿರುವುದಿಲ್ಲ. ಬಚ್ಚಲಿನ ನಲ್ಲಿಯನ್ನು ನಾನು ಬಂದ್ ಮಾಡಿದರೆ ತೆರೆಯಲು ನನ್ನನ್ನೇ ಕರೆಯಬೇಕು. ಹೆಂಡತಿಯ ಕನ್ನಡಕವನ್ನು ಒಮ್ಮೆ ಬಿಗಿ ಮಾಡಿಕೊಟ್ಟೆ. ಅಂದಿನಿಂದ ಅದು ಮಡಚುವುದಿಲ್ಲ, ಡಬ್ಬಿಯೊಳಗೆ ಹೋಗುವುದಿಲ್ಲ, ಟೇಬಲ್ಲಿನ ಮೇಲೆ ಕಾಲು ಚಾಚಿಕೊಂಡೇ ಬಿದ್ದಿರುತ್ತದೆ. ಬಬಲೇಶ್ವರದಿಂದ ಬಂದ ಅವಳ ತಮ್ಮ ನಾನು ಮುಚ್ಚಿಟ್ಟ ಉಪ್ಪಿನಕಾಯಿ ಭರಣಿಯ ಜೊತೆ ಹೆಣಗಾಡಿ ಸೋತು, ಬರೀ ಮೊಸರು ಹಚ್ಚಿಕೊಂಡು ರೊಟ್ಟಿ ತಿಂದು ಎದ್ದ. "ಮಾಮಾರ, ನಿಮ್ಮ ಕೈಯಾಗ ಸಿಕ್ಕದ್ದು ಬಿಡಿಸ್ಕೊಳ್ಳಾಕ ಆಗಂಗಿಲ್ಲ ಬಿಡ್ರಿ" ಎಂದ. ನಾನು ಅದನ್ನು ಹೊಗಳಿಕೆ ಎಂದೇ ತೆಗೆದುಕೊಂಡೆ.

ನನ್ನ ಹೆಂಡತಿ ಕಸ್ತೂರಿ ಟಿಕೋಟದ ಒಂದು ಶಾಲೆಯಲ್ಲಿ ಸಣ್ಣ ಮಕ್ಕಳಿಗೆ ಕಲಿಸುತ್ತಿದ್ದಳು. ಎಣಿಕೆ ಕಲಿಸಲೆಂದು ಹದಿನಾಲ್ಕು ವರ್ಷದ ಹಿಂದೆ ಒಂದು ಗೊಂಬೆ ಮಾಡಿದಳು. ಹಳೆಯ ಪೇಪರು ನೆನೆಹಾಕಿ, ಮೆಂತ್ಯದ ಜೊತೆ ರುಬ್ಬಿ, ಆ ಮುದ್ದೆಯಿಂದ ಮುಖ ತಿದ್ದಿದಳು. (ರುಬ್ಬಿದ ಮಿಕ್ಸರ್ ಸುಟ್ಟಿತು, ಅದು ಬೇರೆ ಕಥೆ.) ತನ್ನ ಅಜ್ಜಿಯ ಇಳಕಲ್ ಸೀರೆಯ ತುಂಡು ಉಡಿಸಿದಳು. ಹಳೆಯ ಬನಿಯನ್ ಬಟ್ಟೆಯಲ್ಲಿ ತೋಳು ಹೊಲಿದು ಹತ್ತಿ ತುಂಬಿದಳು. ಬನಿಯನ್ ನನ್ನದು, ಆ ಗೊಂಬೆಗೆ ಹದಿನಾಲ್ಕು ವರ್ಷದಲ್ಲಿ ನಾನು ಕೊಟ್ಟದ್ದು ಅದೊಂದೇ. ಅದಕ್ಕೆ ಗಂಗವ್ವ ಎಂದು ಹೆಸರಿಟ್ಟಳು. ಮಕ್ಕಳ ಬಾಯಲ್ಲಿ ಅವಳು ಗಂಗವ್ವ ಆಯಿ, ಎಂದರೆ ಅಜ್ಜಿ. ಗಂಗವ್ವನ ಮೈಯೊಳಗೆ ಒಂದು ಕೋಲು, ಎರಡೂ ಮಣಿಕಟ್ಟಿಗೆ ಒಂದೊಂದು ಕಡ್ಡಿ. ಪರದೆಯ ಹಿಂದೆ ಕೂತವರು ಕೋಲನ್ನು ಎಡಗೈಯಲ್ಲಿ, ಕಡ್ಡಿಗಳೆರಡನ್ನೂ ಬಲಗೈಯಲ್ಲಿ ಹಿಡಿದು ಆಡಿಸಬೇಕು. ಕಡ್ಡಿ ಎಂದರೆ ತವರುಮನೆಯ ಹೊಲದ ತೊಗರಿ ಕಟ್ಟಿಗೆಯೇ. ಅದನ್ನು ದಾರದಿಂದ ಜೋತಾಡುವ ಹಾಗೆ ಕಟ್ಟಿರುತ್ತಿದ್ದಳು. ಮನೆಯ ಗೋಡೆಯ ಮೊಳೆಗೆ ತೂಗುಬಿದ್ದ ಗಂಗವ್ವನ ಕೈಗಳು ಫ್ಯಾನಿನ ಗಾಳಿಗೆ ಅತ್ತಿತ್ತ ಅಲ್ಲಾಡುತ್ತಿದ್ದರೆ ನನಗೆ ಊಟ ಸೇರುತ್ತಿರಲಿಲ್ಲ.

"ಎಷ್ಟ್ ಲೂಜ್ ಬಿಟ್ಟೀಯಲೇ, ನಾ ಒಂದ್ ಸ್ಕ್ರೂ ಹಾಕಿಕೊಡ್ತೇನಿ" ಎಂದರೆ, "ಅದು ಹಂಗ ಇರ್ಬೇಕ್ರಿ. ನಿಮ್ಮ ಅಂಗಡಿ ಅಂಗಡ್ಯಾಗ ಇರ್ಲಿ" ಎನ್ನುತ್ತಿದ್ದಳು.

ಗಂಗವ್ವನ ಆಟವನ್ನು ನಾನು ಒಮ್ಮೆಯೂ ನೋಡಿರಲಿಲ್ಲ ಎಂಬುದನ್ನು ಇಲ್ಲಿಯೇ ಹೇಳಿಬಿಡುವುದು ಒಳ್ಳೆಯದು. ವಿಜಯಪುರದಿಂದ ಟಿಕೋಟ ಎಷ್ಟು ದೂರ? ಬಸ್ಸಿನಲ್ಲಿ ಕೂತು ಒಂದು ಸಣ್ಣ ನಿದ್ದೆ ಮುಗಿಯುವಷ್ಟು. ಪ್ರತಿವರ್ಷ ಕರೆಯುತ್ತಿದ್ದಳು. ಬೇಸಿಗೆಯಲ್ಲಿ ನನಗೆ ಕೂಲರ್ ಗಡಿಬಿಡಿ, ಚಳಿಯಲ್ಲಿ ಹೀಟರ್ ಗಡಿಬಿಡಿ, ನಡುವೆ ಮದುವೆಮನೆಗಳ ಮಿಕ್ಸರ್. "ಮುಂದಿನ ವರ್ಷ ಖರೇನ ಬರ್ತೇನಿ" ಎನ್ನುತ್ತಿದ್ದೆ. ಕೆಲವು ವರ್ಷಗಳ ಮೇಲೆ ಅವಳು ಕರೆಯುವುದನ್ನು ಬಿಟ್ಟಳು. ಕರೆಯುವುದನ್ನು ಬಿಟ್ಟಳೆಂದು ನನಗೆ ಗೊತ್ತಾಗಲು ಇನ್ನೂ ಕೆಲವು ವರ್ಷ ಹಿಡಿಯಿತು.

ಈ ವರ್ಷ ಕಸ್ತೂರಿಯ ನಿವೃತ್ತಿ. ಕೊನೆಯ ದಿನ ಗಂಗವ್ವನ ಆಟ ಆಡಿಯೇ ಮನೆಗೆ ಬರುವುದೆಂದು ಅವಳು ಹಟ ಹಿಡಿದಿದ್ದಳು. ಅಷ್ಟರಲ್ಲಿ ಅವಳ ಕಣ್ಣಿನ ಪೊರೆಯ ಆಪರೇಷನ್ ಆಯಿತು. ಸೂಜಿ ದಾರದ ಕೆಲಸ ಬೇಡವೆಂದು ಡಾಕ್ಟರು ಹೇಳಿದ್ದರು. ಗಂಗವ್ವನ ಕಡ್ಡಿಗಳೋ ಎರಡೂ ಮುರಿದಿದ್ದವು.

"ನೋಡ್ರಿ, ಎರಡು ತೊಗರಿ ಕಡ್ಡಿ ಕಟ್ಟಿಕೊಡ್ರಿ ಸಾಕು. ದಾರದ್ಲೇ ಕಟ್ರಿ. ಸಡ್ಲ ಇರ್ಲಿ. ಕೇಳಿಸ್ತೇನು? ಸಡ್ಲ ಇರ್ಲಿ" ಎಂದು ನನ್ನ ಕೈಗೆ ಗಂಗವ್ವನನ್ನು ಕೊಟ್ಟಳು.

ಕೇಳಿಸಿತ್ತು. ನನ್ನ ಕಿವಿಯಲ್ಲಿ ದೋಷವಿಲ್ಲ. ಆದರೆ ಮೂವತ್ತೈದು ವರ್ಷ ಗಿರಾಕಿಗಳ ಮಾತು ಕೇಳಿದ ರಿಪೇರಿಯವನಿಗೆ ಒಂದು ಕೆಟ್ಟ ಚಾಳಿ ಬಂದಿರುತ್ತದೆ. ಗಿರಾಕಿ ಏನು ಹೇಳಿದರೂ ಹೂಂಗುಟ್ಟಿ, ಅವನು ಬೆನ್ನು ತಿರುಗಿಸಿದ ಮೇಲೆ ತನಗೆ ತಿಳಿದದ್ದನ್ನು ಮಾಡುವುದು. ಅಷ್ಟು ವರ್ಷ ಜೋತಾಡಿದ ಕೈಗಳು ಕೊನೆಗೂ ನನ್ನ ಕೈಗೆ ಸಿಕ್ಕಿದ್ದವು! ಭಾನುವಾರ ಮಧ್ಯಾಹ್ನ ಅಂಗಡಿಯ ಬಾಗಿಲು ಅರ್ಧ ಎಳೆದುಕೊಂಡು ಕೂತೆ. ಗಾಂಧಿ ಚೌಕದಿಂದ ಸೈಕಲ್ ಚಕ್ರದ ಎರಡು ಹೊಸ ಕಡ್ಡಿ ತಂದಿದ್ದೆ. ಹತ್ತಿ ತುಂಬಿದ ತೋಳು ಮೊಣಕೈಯಲ್ಲಿ ಜೋಲುತ್ತಿತ್ತು. ಒಳಗೆ ದಪ್ಪ ತಂತಿ ತೂರಿಸಿ ನೆಟ್ಟಗೆ ಮಾಡಿದೆ. ಮಣಿಕಟ್ಟಿಗೆ ಕಡ್ಡಿಯನ್ನು ಇಟ್ಟು, ಪೈಪು ಸೋರಿದರೆ ಎರಡು ಉಂಡೆ ಕಲಸಿ ಮೆತ್ತುತ್ತೇವಲ್ಲ, ಆ ಸೀಲು ಮೆತ್ತಿದೆ. ಸಂಜೆಗೆ ಕಲ್ಲಾಯಿತು. ಗಂಗವ್ವನ ಎರಡೂ ಕೈ ಮುಂದಕ್ಕೆ ಚಾಚಿ, ಪೊಲೀಸ್ ಪರೇಡಿನಲ್ಲಿ ನಿಂತವರ ಹಾಗೆ ಗಟ್ಟಿಯಾಗಿ ನಿಂತವು. ಜಗ್ಗಿ ನೋಡಿದೆ, ಅಲ್ಲಾಡಲಿಲ್ಲ. ನನ್ನ ಬೆನ್ನನ್ನು ನಾನೇ ತಟ್ಟಿಕೊಂಡೆ. ಪೇಪರಿನಲ್ಲಿ ಸುತ್ತಿ, "ಸಾಲ್ಯಾಗ ಬಿಚ್ಚಿ ನೋಡು, ಖುಷಿ ಆಗ್ತೀ" ಎಂದು ಕಸ್ತೂರಿಗೆ ಕೊಟ್ಟೆ. ಕಾಗದಪತ್ರಗಳ ಗಡಿಬಿಡಿಯಲ್ಲಿದ್ದ ಅವಳು ಬಿಚ್ಚದೆ ಹಾಗೇ ಎತ್ತಿಟ್ಟುಕೊಂಡಳು. ನಂಬಿದ್ದಳಲ್ಲ, ಪಾಪ.

ಬೀಳ್ಕೊಡುಗೆಯ ದಿನ ನಾನೂ ಹೋದೆ. ಹೋಗದೆ ಗತಿಯಿರಲಿಲ್ಲ, ದಂಪತಿಗೆ ಸನ್ಮಾನ ಇತ್ತು. ವರ್ಗದ ಕೋಣೆಯಲ್ಲಿ ಹಳೆಯ ಚಾದರ ಕಟ್ಟಿದ್ದರು, ಅದೇ ಪರದೆ. ಮಕ್ಕಳು ಚಾಪೆಯ ಮೇಲೆ ಒತ್ತಾಗಿ ಕೂತಿದ್ದವು. ಪೇಪರು ಬಿಚ್ಚಿದಾಗ ಕಸ್ತೂರಿಯ ಮುಖ ಹೇಗಾಯಿತೋ, ಪರದೆ ಅಡ್ಡ ಇದ್ದುದರಿಂದ ನನಗೆ ಕಾಣಲಿಲ್ಲ. ಗಂಗವ್ವ ಮೇಲೆದ್ದಳು. ಮಕ್ಕಳು "ಆಯೀ!" ಎಂದು ಕೂಗಿದ ಕೂಗಿಗೆ ನನಗೆ ಗಾಬರಿಯಾಯಿತು. ನನ್ನ ಮನೆಯ ಮೊಳೆಗೆ ತೂಗುವ ಮುದುಕಿಗೆ ಇಷ್ಟು ಮಂದಿ ಬಳಗ ಇದೆಯೆಂದು ಯಾರು ತಿಳಿದಿದ್ದರು? ಗಂಗವ್ವ ರೊಟ್ಟಿ ಬಡಿದಳು. ಕೈ ಮೇಲೆ ಕೆಳಗೆ, ಮೇಲೆ ಕೆಳಗೆ, ಎಂಥ ಗಟ್ಟಿ ಏಟು! ಒಂದು, ಎರಡು, ಮೂರು ಎಂದು ಮಕ್ಕಳು ಎಣಿಸಿದವು. ನಾನು ಪಕ್ಕದಲ್ಲಿ ಕೂತಿದ್ದ ಒಬ್ಬ ಶಿಕ್ಷಕಿಯ ಕಡೆ ಬಾಗಿ, "ಕಡ್ಡಿ ನಾನ ಕೂಡ್ಸೇನ್ರಿ" ಎಂದು ಕೊಚ್ಚಿಕೊಂಡೆ.

ಹತ್ತು ರೊಟ್ಟಿ ಆದ ಮೇಲೆ ಮಕ್ಕಳೆಲ್ಲ ತಾವಾಗಿಯೇ ಎದ್ದು ಪರದೆಯ ಮುಂದೆ ಸಾಲಾಗಿ ನಿಂತವು. "ಏನ್ರೀ ಇದು?" ಎಂದೆ. "ಈಗ ಆಯಿ ಲಟಿಗಿ ಮುರಿತಾಳ್ರಿ. ಮಕ್ಕಳು ಇದಕ್ಕ ಕಾಯ್ತಾವ್ರಿ. ನೀವು ನೋಡಿರ್ಬೇಕಲ್ರಿ?" ಎಂದರು ಆ ಶಿಕ್ಷಕಿ. ನಮ್ಮ ಕಡೆ ಮುದುಕಿಯರು ಮಗುವಿನ ಎರಡೂ ಗಲ್ಲ ಸವರಿ, ಬೆರಳುಗಳನ್ನು ತಮ್ಮ ಕಪಾಳದ ಮೇಲ್ಗಡೆಗೆ ಒತ್ತಿ ಲಟಲಟ ಮುರಿಯುತ್ತಾರಲ್ಲ, ದೃಷ್ಟಿ ಹೋಗಲಿ ಎಂದು, ಅದು. ಪ್ರತಿಯೊಂದು ಮಗುವಿಗೂ ಗಂಗವ್ವ ಅದನ್ನು ಮಾಡುತ್ತಾಳಂತೆ. ಲಟಲಟ ಸಪ್ಪಳವನ್ನು ಕಸ್ತೂರಿ ಹಿಂದೆ ಕೂತು ನಾಲಿಗೆಯಿಂದ ತೆಗೆಯುತ್ತಾಳಂತೆ. ಮೂಲೆಯಲ್ಲಿ ಕೂತು ಯಾರ ಕಣ್ಣಿಗೂ ಬೀಳದ ಮಕ್ಕಳಿಗೇ ಲಟಿಕೆ ಜಾಸ್ತಿಯಂತೆ.

ನಾನು ನನ್ನ ಮೊಣಕೈಯನ್ನೇ ಒಮ್ಮೆ ಮಡಚಿ ನೋಡಿಕೊಂಡೆ. ಗಲ್ಲ ಸವರಿದ ಕೈ ಹಿಂದಕ್ಕೆ ಬರಬೇಕಾದರೆ ಮೊಣಕೈ ಮಡಚಬೇಕು, ಮಣಿಕಟ್ಟು ಹೊರಳಬೇಕು. ನಾನು ಅವೆರಡನ್ನೂ ಕಲ್ಲು ಮಾಡಿ ಇಟ್ಟಿದ್ದೆ.

ಸಾಲಿನಲ್ಲಿ ಮೊದಲು ಭಾಗ್ಯ ಎಂಬ ಸಣ್ಣ ಹುಡುಗಿ ನಿಂತಿದ್ದಳು. ಗಂಗವ್ವ ಅವಳ ಗಲ್ಲ ಸವರಿದಳು. ಕೈ ಹಿಂದಕ್ಕೆ ಹೋಗಲು ನೋಡಿತು, ಹೋಗಲಿಲ್ಲ. ಕಸ್ತೂರಿ ಕಡ್ಡಿಯನ್ನು ಒತ್ತಿರಬೇಕು. ಗಂಗವ್ವ ಇಡೀ ಮೈ ಹೊರಳಿಸಿ ಚಾದರಕ್ಕೆ ಒಂದು ಏಟು ಕೊಟ್ಟಳು. ಹುಡುಗರು ಹೋ ಎಂದು ನಕ್ಕರು. ಮತ್ತೊಮ್ಮೆ ಮಾಡಿ ನೋಡಿದಳು. ಒಂದು ಕೈ ತೋಳಿನ ಬುಡದಲ್ಲೇ ತಿರುವಿಕೊಂಡು ಹೋಗಿ ಮೂಗಿಗೆ ಬಡಿಯಿತು, ಮೆಂತ್ಯದ ಮೂಗಿನ ತುದಿ ಹಾರಿತು. ನಗು ಇನ್ನೂ ಜೋರಾಯಿತು. ಭಾಗ್ಯ ಮಾತ್ರ ನಗಲಿಲ್ಲ. ಗಲ್ಲ ಮುಂದೆ ಮಾಡಿಕೊಂಡು ನಿಂತೇ ಇದ್ದಳು. "ಟೀಚರ್ರೀ, ಆಯೀ ಕೈ ನೋಯಾಕತ್ತಾವೇನ್ರಿ?" ಎಂದಳು.

ಆಗ ಕಸ್ತೂರಿ ಪರದೆಯಿಂದ ಹೊರಗೆ ಬಂದಳು. "ಹೂಂ ಬೇ, ನೋಯಾಕತ್ತಾವ. ಬಾ, ನಾ ಮುರಿತೇನಿ" ಎಂದು ತನ್ನ ಕೈಯಿಂದಲೇ ಅವಳ ಗಲ್ಲ ಸವರಿ ಲಟಿಕೆ ಮುರಿದಳು. ಭಾಗ್ಯ ಬೇಡ ಎನ್ನಲಿಲ್ಲ. ಹಿಂದೆ ನಿಂತ ಮಕ್ಕಳು ಬೇಡ ಅಂದವು. "ನೀವ್ ಬ್ಯಾಡ್ರಿ, ಆಯಿ ಬೇಕ್ರಿ" ಎಂದು ಒಬ್ಬ ಹುಡುಗ ಅತ್ತ. ಅಳು ಒಬ್ಬರಿಂದ ಒಬ್ಬರಿಗೆ ಹತ್ತಿತು. ಸಾಲು ಒಡೆಯಿತು. ಹಿರಿಯರೊಬ್ಬರು ಶಾಲು ಹಿಡಿದುಕೊಂಡು ಬಂದರು, ಅಷ್ಟಕ್ಕೆ ಆಟ ಮುಗಿಯಿತು. ನನಗೂ ಒಂದು ಶಾಲು ಹೊದಿಸಿದರು. "ಇವರ ಸಹಕಾರ ಇಲ್ಲದಿದ್ದರೆ ಟೀಚರು ಇಷ್ಟೆಲ್ಲ ಮಾಡಲು ಆಗುತ್ತಿರಲಿಲ್ಲ" ಎಂದು ಭಾಷಣದಲ್ಲಿ ಹೇಳಿದರು. ತಲೆ ತಗ್ಗಿಸಿಕೊಂಡು ಕೂತೆ. ಎಂಥ ವಿನಯ ಎಂದುಕೊಂಡಿರಬೇಕು ಜನ.

ಬಸ್ಸಿನಲ್ಲಿ ಗಂಗವ್ವ ಕಸ್ತೂರಿಯ ತೊಡೆಯ ಮೇಲೆ ಕೂತಿದ್ದಳು. ಚೀಲದೊಳಗೆ ಹಾಕೋಣವೆಂದರೆ ಕೈ ಮಡಚುವುದಿಲ್ಲವಲ್ಲ. ಬ್ರೇಕು ಹಾಕಿದಾಗಲೆಲ್ಲ ಮುಂದಿನ ಸೀಟಿನವರ ಟೊಪ್ಪಿಗೆ ತಾಗುತ್ತಿದ್ದಳು. ಕಂಡಕ್ಟರು ಬಂದು ಚಾಚಿದ ಕೈ ನೋಡಿ, "ಏನ್ರೀ ಟೀಚರ್, ಮುದುಕಿ ಫ್ರೀ ಟಿಕೆಟ್ ಕೇಳಾಕತ್ತಾಳ, ಆಧಾರ್ ಕಾರ್ಡ್ ತಂದಾಳೇನ್ರಿ?" ಎಂದ. ಸುತ್ತಲಿನವರು ನಕ್ಕರು. ಕಸ್ತೂರಿಯೂ ನಕ್ಕಳು, ಕಂಡಕ್ಟರನನ್ನು ನೋಡಿ. ನನ್ನ ಕಡೆ ತಿರುಗಲಿಲ್ಲ. ಬೈಯುತ್ತಾಳೆಂದು ದಾರಿಯುದ್ದಕ್ಕೂ ಕಾದೆ. ಬೈಗುಳಕ್ಕೆ ಉತ್ತರವನ್ನೂ ಜೋಡಿಸಿಕೊಂಡಿದ್ದೆ. ಮನೆಯ ಬಾಗಿಲು ಬಂದರೂ ಬೈಯಲಿಲ್ಲ. ಕೊನೆಗೆ ನಾನೇ, "ಕೈ ಹಿಂದ ಹೋಗಬೇಕು ಅಂತ ನನಗ ಗೊತ್ತಿರ್ಲಿಲ್ಲಲೇ" ಎಂದೆ.

"ಎಲ್ಲಿ ಗೊತ್ತಿರ್ತೈತ್ರಿ. ನೀವು ನೋಡಿರ್ಲಿಲ್ಲಲ್ಲ" ಎಂದಳು. ಅದರಲ್ಲಿ ಸಿಟ್ಟು ಇರಲಿಲ್ಲ. ಸಿಟ್ಟಿದ್ದರೆ ನಾನು ಬದುಕುತ್ತಿದ್ದೆ.

ಮರುದಿನದಿಂದ ನಾನು ಮಾಡಿದ್ದನ್ನು ನಾನೇ ಬಿಚ್ಚಲು ಕೂತೆ. ನನ್ನ ಕೆಲಸ ಎಷ್ಟು ಗಟ್ಟಿ ಎಂಬುದು ನನಗೆ ಆಗ ಗೊತ್ತಾಯಿತು. ಕಾಯಿಸಿದೆ, ಕೆತ್ತಿದೆ, ಗರಗಸ ಹಾಕಿದೆ. ಒಂದು ಅಂಗೈ ಸೀಲಿನ ಜೊತೆಗೇ ಕಿತ್ತು ಬಂತು. ಮತ್ತೊಂದು ಬನಿಯನ್ ಹರಿದು ಹೊಸ ತೋಳು ಹೊಲಿದೆ. ಕಸ್ತೂರಿ ಪಕ್ಕದಲ್ಲಿ ಕೂತು ಬಾಯಲ್ಲಿ ಹೇಳಿದಳು. ಬಬಲೇಶ್ವರಕ್ಕೆ ಹೋಗಿ ತೊಗರಿ ಕಟ್ಟಿಗೆ ತಂದೆ. ದಾರ ಬಿಗಿದಾಗಲೆಲ್ಲ ಅವಳು "ಇನ್ನೂ ಸಡ್ಲ ಮಾಡ್ರಿ" ಎನ್ನುವಳು. ನನ್ನ ಬೆರಳುಗಳಿಗೆ ಅದು ಬರಲೇ ಒಲ್ಲದು. ಆರು ಸಲ ಬಿಚ್ಚಿ ಕಟ್ಟಿದ ಮೇಲೆ ಗಂಗವ್ವನ ಕೈ ತಾನೇ ತಾನಾಗಿ ಹೊರಳಿತು.

"ನಡಿ, ಟಿಕೋಟಕ್ಕ ಹೋಗೂಣು. ಆ ಹುಡುಗರಿಗೆ ಒಮ್ಮೆ ಮುರಿದು ಬರೂಣು" ಎಂದೆ. "ಸಾಲಿ ಸೂಟಿ ಬಿಟ್ಟಾರ್ರಿ. ತೆಗದ ಮ್ಯಾಲ ಅಲ್ಲಿ ಬ್ಯಾರೆ ಟೀಚರ್ ಇರ್ತಾರ. ಅವರ ವರ್ಗದಾಗ ನಾ ಹೋಗಿ ಕುಂದ್ರೂದು ಚಂದ ಅಲ್ಲ" ಎಂದಳು. ಇದಕ್ಕೆ ನನ್ನ ಅಂಗಡಿಯಲ್ಲಿ ಯಾವ ಸಾಮಾನೂ ಇರಲಿಲ್ಲ.

"ಹಂಗಾರ ನನಗಾದ್ರೂ ತೋರಿಸು" ಎಂದೆ. ಅವಳು ಎದ್ದು ಹೋಗಿ ಎರಡು ಕುರ್ಚಿಗೆ ಸೀರೆ ಕಟ್ಟಿದಳು. ಅಂಗಡಿ ತೆರೆಯುವ ಹೊತ್ತಾಗಿತ್ತು, ತೆರೆಯಲಿಲ್ಲ. ಗಂಗವ್ವ ರೊಟ್ಟಿ ಬಡಿದಳು, ನಾನು ಗಟ್ಟಿಯಾಗಿ ಎಣಿಸಿದೆ. ಹತ್ತಾದ ಮೇಲೆ ಎದ್ದು ಹೋಗಿ ಪರದೆಯ ಮುಂದೆ ನಿಂತು ಬಗ್ಗಿದೆ. ಬನಿಯನ್ ಬಟ್ಟೆಯ ಮೆತ್ತನೆಯ ಕೈಗಳು ನನ್ನ ಗಡ್ಡದ ಗಲ್ಲವನ್ನು ಸವರಿ, ಹಗುರಾಗಿ ಹಿಂದಕ್ಕೆ ಹೋಗಿ, ಗಂಗವ್ವನ ಕಪಾಳಕ್ಕೆ ತಾಗಿದವು. ಲಟಲಟ ಸಪ್ಪಳ ಬಂತು. ಅರವತ್ತು ದಾಟಿದ ಮೇಲೆ ಹೀಗೆ ಮಾಡಬಾರದು, ಆದರೆ ನಾನೂ ಭಾಗ್ಯಳ ಹಾಗೆ ಗಲ್ಲ ಮುಂದೆ ಮಾಡಿಕೊಂಡು ನಿಂತೇ ಇದ್ದೆ.

ಅಷ್ಟರಲ್ಲಿ ಪರದೆಯ ಹಿಂದಿನಿಂದ, ವರ್ಷಗಳ ರೂಢಿಯಲ್ಲಿ, ಕಸ್ತೂರಿ ಕೂಗಿದಳು: "ಆತು, ಬಾಜೂಕ ಸರೀರಿ. ಮುಂದಿನವ್ರು ಬರ್ರಿ."

ಮುಂದಿನವರು ಯಾರೂ ಇಲ್ಲವೆಂದು ಕೂಗಿದ ಮೇಲೆ ಅವಳಿಗೂ ಗೊತ್ತಾಗಿರಬೇಕು. ಗಂಗವ್ವ ಎರಡೂ ಕೈ ಚಾಚಿಕೊಂಡು ಹಾಗೇ ನಿಂತಿದ್ದಳು. ನಾನು ಬದಿಗೆ ಸರಿದೆ. ಅಡುಗೆಮನೆಯವರೆಗೆ ಹೋಗಿ ಒಂದು ಸುತ್ತು ಹಾಕಿ, ಬೇರೆ ಯಾರದೋ ಮನೆಯ ಹುಡುಗನ ಹಾಗೆ ಮುಖ ಮಾಡಿಕೊಂಡು ಮತ್ತೆ ಬಂದು ನಿಂತೆ.