ಲೊವ್ರಿಯ ಹೊಗೆಕೊಳವೆ

ಇದ್ವಲ್ ಪ್ಯಾರಿಯ ಆವತ್ತಿನ ಪಾಡಿಗೆಲ್ಲ ಮೂಲ ಪಕ್ಕದ ಮನೆಯ ಐರ್ಲಿಸಳ ಒಳ್ಳೆಯತನ. ಕೆಟ್ಟವರಿಂದ ಮನುಷ್ಯ ಹೇಗೋ ತಪ್ಪಿಸಿಕೊಂಡಾನು. ಒಳ್ಳೆಯವರಿಂದ ತಪ್ಪಿಸಿಕೊಳ್ಳುವುದು ಕಷ್ಟ. ಅವರು ಬಾಗಿಲಲ್ಲೇ ಕಾದು ನಿಂತಿರುತ್ತಾರೆ.

ಐರ್ಲಿಸ್ ನಿಂತಿದ್ದೂ ಬಾಗಿಲಲ್ಲೇ, ಊರಿನ ಪ್ರಾರ್ಥನಾಮಂದಿರವಾದ ಚಾಪೆಲ್ಲಿನ ಹಿಂದಿನ ಸಭಾ ಹಾಲಿನ ಬಾಗಿಲಲ್ಲಿ. ಇದ್ವಲ್ ಎರಡೂ ಕೈಯಲ್ಲಿ ಒಂದು ಹಲಗೆ ಹಿಡಿದು, ಅದರ ಮೇಲೆ ಪ್ರದರ್ಶನಕ್ಕೆಂದು ಕಟ್ಟಿದ ತನ್ನ ಮಾದರಿ ಇಂಜಿನ್ ಇಟ್ಟುಕೊಂಡು ಬಂದಿದ್ದ. ಬೆನ್ನಿನಿಂದ ಬಾಗಿಲು ದೂಡಿ ಒಳಗೆ ಬರುವುದು ಅವನ ಲೆಕ್ಕಾಚಾರ. ಪಾಪ, ಕೈ ಖಾಲಿಯಿಲ್ಲವಲ್ಲ ಎಂದು ಒಳಗಿನಿಂದ ಕೈಚಾಚಿದ ಐರ್ಲಿಸ್, ಅವನು ಬೆನ್ನು ಕೊಟ್ಟ ಗಳಿಗೆಯಲ್ಲೇ ಬಾಗಿಲನ್ನು ಒಳಕ್ಕೆಳೆದಳು. ಇದ್ವಲ್ ಅಂಗಾತ ಬಿದ್ದ. ಇಂಜಿನ್ ಮೇಲಕ್ಕೆ ಹಾರಿ, ಕೆಳಗೆ ಬರುವಾಗ ಚೂರುಚೂರಾಗಿ ಬಂತು.

"ಅಯ್ಯೋ, ಬಿದ್ದೇಬಿಟ್ಯಾ! ಸಹಾಯ ಮಾಡೋಣ ಅಂತ ಬಂದೆ ಕಣೋ."

"ಮಾಡಿದ್ಯಲ್ಲ ಮಾರಾಯ್ತಿ. ಇಷ್ಟು ಸಾಕು."

ಆ ಇಂಜಿನ್ನಿನ ಹೆಸರು ಲೊವ್ರಿ. ಒಂದು ಕಾಲದಲ್ಲಿ ಬೆಟ್ಟದ ಮೇಲಿನ ಗಣಿಯಿಂದ ಸ್ಲೇಟು ಕಲ್ಲು ಇಳಿಸುತ್ತಿದ್ದ ನ್ಯಾರೋಗೇಜ್ ರೈಲಿನ ಇಂಜಿನ್ ಅದು. ಅಸಲಿ ಲೊವ್ರಿ ಗುಜರಿಗೆ ಹೋಗಿ ಎಷ್ಟೋ ಕಾಲವಾಗಿದೆ. ಇದ್ವಲ್ ಅದನ್ನು ಮಕ್ಕಳ ಪ್ಲಾಸ್ಟಿಕ್ ಇಟ್ಟಿಗೆಗಳಲ್ಲಿ ಮತ್ತೆ ಕಟ್ಟಿದ್ದ, ಚಳಿಗಾಲ ಪೂರ್ತಿ ಕೂತು, ಅಸಲಿ ಇಂಜಿನ್ ತಯಾರಿಸಿದವರ ನಕ್ಷೆಗೆ ಸರಿಯಾಗಿ. ಗೋಂದು ಹಾಕಬಾರದು, ಬಣ್ಣ ಹಚ್ಚಬಾರದು, ಇಟ್ಟಿಗೆ ಕತ್ತರಿಸಬಾರದು ಎನ್ನುವುದು ಈ ಇಟ್ಟಿಗೆ ಜನರ ವ್ರತ. ಗೋಂದು ಹಾಕಿದ್ದರೆ ಲೊವ್ರಿ ಉಳಿಯುತ್ತಿತ್ತು, ಇದ್ವಲನ ಮರ್ಯಾದೆ ಉಳಿಯುತ್ತಿರಲಿಲ್ಲ.

ಆ ದಿನದ ಪ್ರದರ್ಶನಕ್ಕೆ ಬಹುಮಾನ ಎಂದರೆ ಕಪ್ಪೂ ಅಲ್ಲ, ಕಾಸೂ ಅಲ್ಲ. ಅಂದು ಈಸ್ಟರ್ ಶನಿವಾರ, ಊರಿನ ಚಿಕ್ಕ ರೈಲು ಆ ವರ್ಷ ಮೊದಲ ಸಲ ಬೆಟ್ಟ ಹತ್ತುವ ದಿನ. ಗೆದ್ದವರು ಇಂಜಿನ್ನಿನೊಳಗೆ, ಡ್ರೈವರನ ಪಕ್ಕದಲ್ಲಿ ನಿಂತು ಹೋಗಬಹುದು. ಇದ್ವಲ್ ಜೀವಮಾನವೆಲ್ಲ ಬಸ್ ಓಡಿಸಿದ್ದು ಈ ಹಳಿಯ ಪಕ್ಕದ ರಸ್ತೆಯಲ್ಲೇ. ಗೇಟಿನಲ್ಲಿ ಬಸ್ ನಿಲ್ಲಿಸಿಕೊಂಡು, ದಾಟಿಹೋಗುವ ಇಂಜಿನ್ನಿನ ಒಲೆಯ ಬೆಳಕನ್ನು ನೋಡಿ ನೋಡಿಯೇ ಅವನು ನಿವೃತ್ತನಾಗಿದ್ದ. ಒಂದು ಸಲ ಆ ಒಲೆಯ ಮುಂದೆ ನಿಲ್ಲಬೇಕು, ಅಷ್ಟೇ ಅವನ ಆಸೆ. ಅದಕ್ಕಿಂತ ದೊಡ್ಡ ಆಸೆಯನ್ನು ಅವನು ಯಾವತ್ತೂ ಇಟ್ಟುಕೊಂಡವನಲ್ಲ.

ಈಗ ಅವನ ಬೆನ್ನು ಹಿಡಿದುಕೊಂಡಿತ್ತು. ಐರ್ಲಿಸಳೂ, ಕೊಳಾಯಿ ಕೆಲಸದ ಮೈರಿಗ್ ಎಂಬ ಗೆಳೆಯನೂ ಸೇರಿ ಅವನನ್ನು ಎತ್ತಿ, ಜೋಡಿಸಿದ ಕುರ್ಚಿಗಳ ಮೇಲೆ ಮಲಗಿಸಿದರು. ಅವನಿಗೆ ಕಾಣುತ್ತಿದ್ದದ್ದು ಚಾವಣಿ ಮಾತ್ರ.

"ನೀನು ಬಾಯಲ್ಲಿ ಹೇಳ್ತಾ ಹೋಗು, ನಾವು ಜೋಡಿಸ್ತೀವಿ" ಎಂದಳು ಐರ್ಲಿಸ್.

"ಮೊದಲು ನೀರಿನ ತೊಟ್ಟಿ. ಕಪ್ಪು ಇಟ್ಟಿಗೆ, ಉದ್ದಂದು."

"ಕಪ್ಪು ಸಾಲ್ತಿಲ್ಲ ಕಣೋ, ಎಲ್ಲೋ ಬಿದ್ದು ಹೋಗಿವೆ. ಸಂಡೇಸ್ಕೂಲ್ ಮಕ್ಕಳ ಆಟದ ಡಬ್ಬೀಲಿ ಕೆಂಪು ಬೇಕಾದಷ್ಟಿದೆ."

"ಕೆಂಪು ಬೇಡ!"

"ಹಬ್ಬದ ದಿನ ಕೆಂಪು ಯಾಕೋ ಬೇಡ? ಲಕ್ಷಣವಾಗಿರುತ್ತೆ."

"ಮೈರಿಗ್, ಹೊಗೆಕೊಳವೆ ನೆಟ್ಟಗೆ ನಿಲ್ಲಿಸೋ. ಕೈ ಮುಗಿತೀನಿ."

"ಹುಟ್ಟಿದಾಗಿಂದ ಪೈಪು ಹಾಕ್ತಾ ಬಂದಿದೀನಿ. ಕೊಳವೆ ವಿಷಯ ನನಗೆ ಹೇಳ್ಬೇಡ. ಐರ್ಲಿಸ್, ಇದು ಕೂರ್ತಿಲ್ಲ, ನೀನೊಂದು ಏಟು ಹಾಕು."

ಟಪ್ ಎಂದು ಸದ್ದಾಯಿತು. ಇದ್ವಲ್ ಚಾವಣಿ ನೋಡುತ್ತ ಕಣ್ಣು ಮುಚ್ಚಿಕೊಂಡ.

ಕೊನೆಗೂ ಅವನು ಗೋಡೆ ಹಿಡಿದು ಎದ್ದು ನೋಡಿದರೆ, ಗಣಪತಿ ಮಾಡಲು ಹೋಗಿ ಅವರಪ್ಪನನ್ನು ಮಾಡಿಟ್ಟಿದ್ದರು. ನೀರಿನ ತೊಟ್ಟಿ ಕೆಂಪಗೆ ಹೊಳೆಯುತ್ತಿತ್ತು. ಡ್ರೈವರನ ಗೂಡು ಆಟದ ಐಸ್‌ಕ್ರೀಮ್ ಗಾಡಿಯಿಂದ ಬಂದಿತ್ತು. ಹೊಗೆಕೊಳವೆಯಂತೂ ಪಕ್ಕದ ಮನೆಯ ಜಗಳ ಕೇಳಲು ಕತ್ತು ಚಾಚಿದವರ ಹಾಗೆ ಒಂದು ಕಡೆಗೆ ವಾಲಿತ್ತು.

ಅದೇ ಹೊತ್ತಿಗೆ ತೀರ್ಪುಗಾರ್ತಿ ಮರೆದ್ ಪ್ಯೂ ಕೋಲೂರಿಕೊಂಡು ಬಾಗಿಲಿಗೆ ಬಂದರು. ಬಹಳ ವಯಸ್ಸಾದ ಹೆಂಗಸು, ಗಣಿಯ ಇಂಜಿನ್ ಶೆಡ್ಡಿನ ಮೇಸ್ತ್ರಿಯ ಮಗಳು. ಹಾಲಿನ ಸುತ್ತ ಕಣ್ಣಾಡಿಸಿದವರು ಇದ್ವಲನ ಮೇಜಿನ ಮೇಲೆ ದೃಷ್ಟಿ ನಿಲ್ಲಿಸಿ, ನೋಡಿಯೇ ನೋಡಿದರು. ಇದ್ವಲನಿಗೆ ಭೂಮಿ ಬಾಯಿಬಿಡಬಾರದೇ ಅನ್ನಿಸಿತು.

"ಐರ್ಲಿಸ್, ದಮ್ಮಯ್ಯ, ಅವರನ್ನ ಮೊದಲು ಟೀಗೆ ಕರ್ಕೊಂಡು ಹೋಗು. ಬೇಗ ಬಿಡಬೇಡ."

"ಅದನ್ನ ನನಗೆ ಹೇಳಿಕೊಡ್ಬೇಕಾ?" ಎಂದು ಐರ್ಲಿಸ್ ಹೋದಳು. ಟೀ ಕೊಟ್ಟು, ಒಣದ್ರಾಕ್ಷಿ ಬ್ರೆಡ್ಡಿಗೆ ಬೆಣ್ಣೆ ಬಳಿದು ಕೊಟ್ಟು, ತನ್ನ ಮಂಡಿನೋವಿನ ಕಥೆಯನ್ನು ಮೊದಲಿನಿಂದ ಶುರುಮಾಡಿದಳು.

ಇದ್ವಲ್ ಮೇಜಿನ ಮೇಲೆ ಬಗ್ಗಿದ. ಬಗ್ಗುತ್ತಲೇ ಅವನ ಕೋಟಿನ ಟೋಪಿಯೊಳಗಿಂದ ಕಪ್ಪು ಇಟ್ಟಿಗೆಗಳು ಪಟಪಟನೆ ಉದುರಿದವು. ಕಳೆದುಹೋದವೆಲ್ಲ ಅಲ್ಲೇ ಇದ್ದವು! ಅವನಿಗೆ ಬೆನ್ನುನೋವೇ ಮರೆತುಹೋಯಿತು. ಕೆಂಪು ತೊಟ್ಟಿ ಕಿತ್ತ, ಐಸ್‌ಕ್ರೀಮ್ ಗೂಡು ಕಿತ್ತ, ಎಲ್ಲವನ್ನೂ ಡಬ್ಬಿಗೆಸೆದ. ನಕ್ಷೆಯಲ್ಲಿದ್ದ ಲೊವ್ರಿ ಮತ್ತೆ ಮೇಜಿನ ಮೇಲೆ ನಿಂತಿತು, ಕಪ್ಪಗೆ, ನೆಟ್ಟಗೆ.

"ನಮ್ಮ ಕೆಲಸಾನೆಲ್ಲ ಕಿತ್ತು ಬಿಸಾಕಿದ್ಯಲ್ಲೋ" ಎಂದು ಮೈರಿಗ್ ಮುಖ ಊದಿಸಿಕೊಂಡ. ಇದ್ವಲನಿಗೆ ಅದು ಕೇಳಿಸಲೇ ಇಲ್ಲ.

ಮರೆದ್ ಪ್ಯೂ ಬೇರೆ ಯಾವ ಮೇಜನ್ನೂ ನೋಡದೆ ಸೀದಾ ಅವನ ಬಳಿಗೇ ಬಂದರು. ಕನ್ನಡಕ ಹಾಕಿಕೊಂಡರು. ತೆಗೆದು ಒರೆಸಿ ಮತ್ತೆ ಹಾಕಿಕೊಂಡರು.

"ಇಲ್ಲೊಂದು ಇಂಜಿನ್ ಇತ್ತಲ್ಲಪ್ಪ?"

"ಇದೇ ಮೇಡಂ, ಲೊವ್ರಿ. ನಕ್ಷೆಗೂ ಇದಕ್ಕೂ ಒಂದು ಕೂದಲೆಳೆ ವ್ಯತ್ಯಾಸ ಇಲ್ಲ."

"ಇದಲ್ಲ. ಲೊವ್ರಿ ನಕ್ಷೆ ಥರ ಇದ್ದಿದ್ದು ಗಣಿಗೆ ಬಂದ ಮೊದಲ ವರ್ಷ ಮಾತ್ರ. ಆಮೇಲೆ ಕಮರಿಗೆ ಉರುಳಿತು. ನಮ್ಮಪ್ಪ ಯಾವುದೋ ಇಂಜಿನ್ನಿಂದ ಕೆಂಪು ತೊಟ್ಟಿ ತಂದು ಹಾಕಿದ. ಇನ್ಯಾವುದರದ್ದೋ ಗೂಡು. ಆ ಹೊಗೆಕೊಳವೆ ಅವನು ಸಾಯೋವರೆಗೂ ನೆಟ್ಟಗಾಗಲಿಲ್ಲ." ಅವರು ಬಾಗಿಲ ಕಡೆಗೆ ಕೋಲು ತೋರಿಸಿದರು. "ಬಾಗಿಲಿಂದ ನೋಡಿದಾಗ ನಮ್ಮಪ್ಪನ್ನೇ ನೋಡಿದ ಹಾಗಾಯ್ತು. ಬೇರೆ ಯಾರ್ದೂ ನೋಡೋದೇ ಬೇಡ ಅಂದ್ಕೊಂಡು ಬಂದೆ. ಎಲ್ಲಿ ಅದು?"

ಕೈಗೆ ಬಂದ ತುತ್ತು ಬಾಯಿಗೆ ಬಾರದಿರುವುದೆಂದರೆ ಇದೇ. ಅದೂ ತುತ್ತನ್ನು ತನ್ನ ಕೈಯಾರೆ ಡಬ್ಬಿಗೆಸೆದಿದ್ದ.

"ಅದೂ ನಂದೇ ಮೇಡಂ! ಈಗ ಮಾಡ್ತೀನಿ, ಒಂದೇ ನಿಮಿಷ!"

ಕೆಂಪು ತೊಟ್ಟಿ ಬಂತು, ಗೂಡು ಬಂತು. ಹೊಗೆಕೊಳವೆ ಇಟ್ಟ. ನೆಟ್ಟಗೆ ಕೂತಿತು. ಕಿತ್ತು ಮತ್ತೆ ಇಟ್ಟ. ಮತ್ತೂ ನೆಟ್ಟಗೆ. ಎಡಕ್ಕೆ ಒತ್ತಿದ, ಬಲಕ್ಕೆ ಒತ್ತಿದ, ಕಣ್ಣು ಮುಚ್ಚಿಕೊಂಡು ಒತ್ತಿದ. ಅಳತೆ ತಪ್ಪದೆ ಬದುಕಿದ ಬೆರಳುಗಳಿಗೆ ತಪ್ಪು ಮಾಡುವುದು ಗೊತ್ತೇ ಇರಲಿಲ್ಲ.

"ಏನೋ ಅದು, ಇಷ್ಟೊತ್ತಾ?" ಎನ್ನುತ್ತ ಐರ್ಲಿಸ್ ಲೋಟ ತೊಳೆಯುತ್ತಿದ್ದ ಒದ್ದೆ ಕೈಯಲ್ಲೇ ಬಂದು ಕೊಳವೆಯ ತಲೆಗೆ ಟಪ್ಪೆಂದು ಒಂದು ಬಿಟ್ಟಳು. ಅದು ಸೊಟ್ಟಗಾಗಿ ಕೂತಿತು.

"ಅದೇ! ಅದೇ ಇದು!" ಎಂದು ಮರೆದ್ ಪ್ಯೂ ಕೋಲು ಕುಟ್ಟಿದರು. "ಇದು ನಿನ್ನ ಕೈ ಕೆಲಸ ಏನಮ್ಮಾ? ಹಾಗಾದ್ರೆ ಬಹುಮಾನ ನಿಂದೇ, ಬಾ. ಇಂಜಿನ್ನಲ್ಲಿರೋದು ಒಬ್ಬರಿಗೇ ಜಾಗ."

ಇದ್ವಲ್ ಕೊನೆಯ ಪ್ರಯತ್ನ ಮಾಡಿದ. "ಐರ್ಲಿಸ್, ನಿನಗೆ ಹೊಗೆ ಕಂಡ್ರೇ ಆಗಲ್ಲ, ಅಲ್ವಾ?"

"ಆಗಲ್ಲ ಕಣೋ. ಆದ್ರೆ ಅಷ್ಟು ಹಿರಿಯರು ಕರೆದಾಗ ಬೇಡ ಅನ್ನೋಕಾಗುತ್ತಾ? ಅಲ್ದೆ ನೀನು ಹೋದ್ರೆ ಸುಮ್ನಿರ್ತೀಯಾ? ನಿಮ್ಮ ಇಂಜಿನ್ ನಕ್ಷೆ ಪ್ರಕಾರ ಇಲ್ಲ ಅಂತ ಡ್ರೈವರ್ ಹತ್ರ ಜಗಳ ತೆಗೀತೀಯ. ಅದಕ್ಕೇ ನಾನು ಹೋಗ್ತಿರೋದು. ಬಂದು ಎಲ್ಲಾ ಹೇಳ್ತೀನಿ." ತನ್ನ ಏಪ್ರನ್ ಬಿಚ್ಚಿ ಅವನ ಸೊಂಟಕ್ಕೆ ಕಟ್ಟಿದಳು. "ಲೋಟ ನೆನೆಹಾಕಿದೀನಿ, ತೊಳೆದಿಟ್ಟಿರು."

ಹಾಲಿನಲ್ಲಿದ್ದವರೆಲ್ಲ ಐರ್ಲಿಸ್ ಇಂಜಿನ್ ಹತ್ತುವುದನ್ನು ನೋಡಲು ಸ್ಟೇಷನ್ನಿಗೆ ಓಡಿದರು. ಮೈರಿಗ್ ಎಲ್ಲರಿಗಿಂತ ಮುಂದಿದ್ದ. ಇದ್ವಲ್ ಒಬ್ಬನೇ ನಿಂತು ಒಂದಷ್ಟು ಲೋಟ ತೊಳೆದ. ದೂರದಲ್ಲಿ ಸೀಟಿ ಕೇಳಿತು, ರೈಲು ಹೊರಟಿತು. ಅವನು ಮೆಲ್ಲನೆ ಮೇಜಿನ ಬಳಿಗೆ ಬಂದು, ಲೊವ್ರಿಯ ಹೊಗೆಕೊಳವೆ ಕಿತ್ತು, ಮತ್ತೆ ಇಟ್ಟು, ಯಾರೂ ನೋಡುತ್ತಿಲ್ಲವೆಂದು ಖಾತ್ರಿ ಮಾಡಿಕೊಂಡು, ಒದ್ದೆ ಕೈಯಲ್ಲಿ ಟಪ್ಪೆಂದು ಒಂದು ಬಾರಿಸಿದ.

ನೆಟ್ಟಗೆ ಕೂತಿತು.