ಕೈಯಳತೆಯ ಚಪ್ಪಲಿ

ಸಂತೋಷ ಬಂದರೆ ಜನ ಕೂತು ಅನುಭವಿಸುತ್ತಾರಂತೆ. ನನಗೆ ಅದು ಬಂತೆಂದರೆ ಕೂಡಲಿಕ್ಕೇ ಬಿಡುವುದಿಲ್ಲ. ದುಃಖವಾದರೆ ಒಂದು ಕಂಬಕ್ಕೆ ಒರಗಿ ಎರಡು ದಿನ ಬೇಕಾದರೂ ಕೂತೇನು; ಸಂತೋಷವಾದರೆ ಮಾತ್ರ ಕಾಲಿಗೆ ಇರುವೆ ಮುತ್ತಿದ ಹಾಗೆ. ನನ್ನ ಮೊಮ್ಮಗಳು ಶಶಿಕಲಾಳಿಗೆ ಆದೋನಿಯ ಸರ್ಕಾರಿ ಕಚೇರಿಯಲ್ಲಿ ಟೈಪು ಮಾಡುವ ನೌಕರಿಯ ಕಾಗದ ಬಂದ ದಿನ ನಾನು ಒಂದೇ ಅಕ್ಕಿಯನ್ನು ಮೂರು ಸಲ ಆರಿಸಿದೆ. ಕೇಳದಿದ್ದರೂ ಪಕ್ಕದ ಮನೆಗೆ ಒಂದು ಬಟ್ಟಲು ಉಪ್ಪು ಕೊಟ್ಟು ಬಂದೆ. ಕಟ್ಟಿದ್ದ ಎಮ್ಮೆಯನ್ನು ಬಿಚ್ಚಿ ಮತ್ತೆ ಅಲ್ಲೇ ಕಟ್ಟಿದೆ. ಕಾಗದ ತೆಲುಗಿನಲ್ಲಿತ್ತು. ಕನ್ನಡದಲ್ಲಿದ್ದಿದ್ದರೂ ನಾನು ಅಕ್ಷರಕ್ಕೆ ಅಕ್ಷರ ಕೂಡಿಸಿ ಓದಿ ಮುಗಿಸುವಷ್ಟರಲ್ಲಿ ಆಕೆ ನಿವೃತ್ತಿಯಾಗುತ್ತಿದ್ದಳು. ಎರಡನೇ ತರಗತಿ ಮುಗಿಸಿದ ಕೂಡಲೇ ನನಗೆ ಎಮ್ಮೆ ಕಾಯುವ ಕೆಲಸಕ್ಕೆ ಬಡ್ತಿ ಸಿಕ್ಕಿತ್ತು. ಅದಕ್ಕೆ ಯಾರೂ ಕಾಗದ ಕಳಿಸಿರಲಿಲ್ಲ.

ಸೋಮವಾರ ಕೆಲಸಕ್ಕೆ ಸೇರಬೇಕು. ಎರಡು ಹೊಸ ಸೀರೆ ಇದ್ದವು, ಛತ್ರಿ ಇತ್ತು, ಊಟದ ಡಬ್ಬಿ ಇತ್ತು. ಕಾಲಿಗೆ ಮಾತ್ರ ಕಾಲೇಜಿಗೆ ಹಾಕಿ ಸವೆಸಿದ ರಬ್ಬರ್ ಚಪ್ಪಲಿ, ಒಂದರ ಉಂಗುಟಕ್ಕೆ ಪಿನ್ನು ಬೇರೆ. ಸೊಸೆ ಪಾರ್ವತಿ, ಅಂದರೆ ಶಶಿಕಲಾಳ ತಾಯಿ, “ಒಂದು ಕರೀ ಚಪ್ಪಲಿ ತಗೊಂಡ್ರ ಆತು, ಸಪಾಟಾಗಿರಲಿ, ಸಪ್ಪಳ ಬ್ಯಾಡ” ಎಂದಳು. ಹುಡುಗಿ ಆ ಪಿನ್ನನ್ನೇ ತಿರುವುತ್ತ ಕೂತಳು. ನಾನು ಹಿತ್ತಲಿಗೆ ಕರೆದು ಕೇಳಿದ ಮೇಲೆ ಹೇಳಿದಳು: “ಅಜ್ಜೀ, ಸರ್ಟಿಫಿಕೇಟ್ ತೋರಸಾಕ ಹೋಗಿದ್ನೆಲ್ಲ, ಅಲ್ಲಿ ಬಾಗಲಾಗ ನಿಂತಿದ್ದ ಜವಾನ ಏನಂದ ಗೊತ್ತೈತೇನು? ‘ಏ ಪಾಪಾ, ಯಾರ ಮಗಳು ನೀನು? ನಿಮ್ಮಪ್ಪ ಬರೋತನಕ ಹೊರಗ ಕುಂದ್ರು’ ಅಂದ. ಎರಡು ತಾಸು ಕುಂತಿದ್ದೆ. ನಾನು ಸಣ್ಣಾಕಿ ಅದೀನಿ, ಗಿಡ್ಡ ಅದೀನಿ, ನಡದ್ರ ಬೆಕ್ಕು ಬಂದಂಗ ಆಗ್ತೈತಿ. ಸೋಮವಾರ ನಾನು ಒಳಗ ಹೋದ್ರ ಯಾರೋ ಬಂದ್ರು ಅಂತ ತಿರುಗಿ ನೋಡಬೇಕಜ್ಜೀ. ಹಿಮ್ಮಡಿ ಎತ್ತರ ಇರೋ ಚಪ್ಪಲಿ ಬೇಕು.” ಎಲಾ ಇವನ! ಎರಡು ತಾಸು ನನ್ನ ಮೊಮ್ಮಗಳನ್ನು ಹೊರಗೆ ಕೂಡಿಸಿದನೇ? ನನ್ನ ಸಂತೋಷಕ್ಕೆ ಸಿಟ್ಟೂ ಕೂಡಿಕೊಂಡು, ಮರುದಿನ ಶನಿವಾರ ಮೊದಲ ಬಸ್ಸಿಗೇ ಇಬ್ಬರೂ ಪೆದ್ದಹರಿವಾಣದಿಂದ ಆದೋನಿಗೆ ಹೊರಟೆವು. ಭಾನುವಾರ ಅಂಗಡಿಗಳು ಮುಚ್ಚಿರುತ್ತವೆ. ಸಂಜೆಯ ಬಸ್ಸಿನ ಹೊತ್ತಿನೊಳಗೆ ಚಪ್ಪಲಿ ಸಿಗಬೇಕು, ಇಲ್ಲವಾದರೆ ಪಿನ್ನು ಹಾಕಿದ ಚಪ್ಪಲಿಯಲ್ಲೇ ಆ ಜವಾನನ ಮುಂದೆ ನಿಲ್ಲಬೇಕು.

ಆದೋನಿಯ ದೊಡ್ಡ ಬಜಾರು ನನಗೆ ಹೊಸದಲ್ಲ. ಹತ್ತಿ ಮಾರಲು ಬಂದಾಗಲೆಲ್ಲ ನಮ್ಮ ಮನೆಯವರ ಹಿಂದೆ ಸುತ್ತಿದ್ದೇನೆ. ಆದರೆ ಚಪ್ಪಲಿ ಅಂಗಡಿಯ ಒಳಗೆ ಕಾಲಿಟ್ಟಿದ್ದು ಅದೇ ಮೊದಲು. ನನ್ನ ಚಪ್ಪಲಿ ಊರಲ್ಲೇ ಹೊಲಿದದ್ದು, ಟೈರಿನ ತಳ, ಹನ್ನೆರಡು ವರ್ಷವಾದರೂ ಹೊಸದರ ಹಾಗೇ ಇವೆ. ಮೊದಲ ಅಂಗಡಿಗೆ ಗಾಜಿನ ಬಾಗಿಲು, ಮೇಲೆ ಫ್ಯಾನು. ಚಪ್ಪಲಿಗಳನ್ನು ದೇವರ ಪಟದ ಹಾಗೆ ಗೋಡೆಗೆ ಸಾಲಾಗಿ ಇಟ್ಟಿದ್ದರು. ನಾನು ಮರೆತು ಒಂದಕ್ಕೆ ಕೈ ಮುಗಿಯುವುದು ಸ್ವಲ್ಪದರಲ್ಲಿ ತಪ್ಪಿತು. ಪ್ಯಾಂಟು ಹಾಕಿದ ಒಬ್ಬಾತ ಬಂದು “ಏ ಸೈಜು ಅಮ್ಮಾ?” ಎಂದು ತೆಲುಗಿನಲ್ಲಿ ಅಳತೆ ಕೇಳಿ, ಉತ್ತರಕ್ಕೂ ಕಾಯದೆ ಶಶಿಕಲಾಳ ಮುಂದೆ ಕುಕ್ಕರಗಾಲಲ್ಲಿ ಕೂತು ಆಕೆಯ ಪಾದವನ್ನು ಕೈಯಲ್ಲಿ ಹಿಡಿದುಬಿಟ್ಟ! ನಾನು ಬೆಂಚಿನಿಂದ ಹಾರಿ ಎದ್ದೆ. ಹೆಣ್ಣುಮಗಳ ಪಾದ ಹಿಡಿಯುವುದೆಂದರೆ ನಮ್ಮಲ್ಲಿ ಕಾಲುಂಗುರ ತೊಡಿಸುವಾಗ, ಅದೂ ನಾಲ್ಕು ಜನರ ಎದುರಿಗೆ, ವಾಲಗ ಊದಿಸಿ. “ಬಿಡಪ್ಪೋ ಕಾಲು! ಆಕಿಗಿನ್ನಾ ಮದುವಿ ಆಗಿಲ್ಲ!” ಎಂದೆ. ಆತ ಬಿಟ್ಟ. ಅಂಗಡಿಯಲ್ಲಿದ್ದವರೆಲ್ಲ ನಕ್ಕರು. ಶಶಿಕಲಾ ನನ್ನ ಸೆರಗು ಹಿಡಿದು ಹೊರಗೆ ಎಳೆದುಕೊಂಡು ಬಂದಳು. ಅಲ್ಲಿ ನೋಡಿದ ಬಿಳೀ ಚಪ್ಪಲಿಯ ಬೆಲೆಗೆ ನಮ್ಮೂರಿನಲ್ಲಿ ಮೂರು ಜೊತೆ ಬರುತ್ತಿದ್ದವು, ಆದ್ದರಿಂದ ಆ ಮನುಷ್ಯ ಕಾಲು ಹಿಡಿದದ್ದೇ ಒಳ್ಳೆಯದಾಯಿತು ಅನ್ನಿ.

ಎರಡನೇ ಅಂಗಡಿಯಲ್ಲಿ ಹುಡುಗಿ ಒಂದು ನೀಲಿ ಆರಿಸಿದಳು. ನಾನು ಕೈಗೆ ತೆಗೆದುಕೊಂಡು ನೋಡಿದೆ. ಭಾರ. ಇಟ್ಟುಬಿಡು ಎಂದೆ. ಇನ್ನೊಂದು ಆರಿಸಿದಳು, ಅದರ ಪಟ್ಟಿ ಬೆರಳಿಗೆ ಒತ್ತುತ್ತಿತ್ತು; ಅದೂ ಬೇಡ ಎಂದೆ. ಮೂರನೇ ಅಂಗಡಿಯಲ್ಲಿ ಒಂದಕ್ಕೆ ಹಿಮ್ಮಡಿ ಎಷ್ಟು ಚೂಪೆಂದರೆ ಕಂಕುಳಲ್ಲಿ ಇಟ್ಟುಕೊಂಡರೆ ಪಕ್ಕೆಗೆ ಚುಚ್ಚುತ್ತಿತ್ತು. ಹೊರಗೆ ಬರುವುದು, ಬಿಸಿಲಲ್ಲಿ ನಿಲ್ಲುವುದು, ಮತ್ತೊಂದಕ್ಕೆ ನುಗ್ಗುವುದು. ಮಧ್ಯೆ ಮಂಡಾಳು ಒಗ್ಗರಣಿ ತಿನ್ನಲು ಕೂತರೆ ಅರ್ಧದಲ್ಲೇ ಎದ್ದೆ. ಹೋಟೆಲಿನ ಗಡಿಯಾರದಲ್ಲಿ ಎರಡೂವರೆ. ನಾಲ್ಕಕ್ಕೆ ಬಸ್ಸು. ಶಶಿಕಲಾಳ ಮುಖ ಬಾಡಿದ ಬದನೆಕಾಯಿಯ ಹಾಗೆ ಆಗುತ್ತಿತ್ತು. ನನಗೆ ಒಳಗೊಳಗೇ ಆತಂಕ: ನೌಕರಿ ಸಿಕ್ಕ ಹುಡುಗಿಗೆ ಒಂದು ಚಪ್ಪಲಿ ಆರಿಸಿ ಕೊಡಲು ಬಾರದ ಅಜ್ಜಿ ಎಂಥ ಅಜ್ಜಿ?

ನಾಲ್ಕನೆಯದು ಖಾದರ್ ಸಾಬರ ಅಂಗಡಿ. ಗಾಜಿಲ್ಲ, ಫ್ಯಾನಿಲ್ಲ, ಕೆಳಗೆ ಬಂಡೆ ಹಾಸಿದ ನೆಲ; ಆದರೆ ಮೇಲೆ ಕಟ್ಟಿದ ಹಗ್ಗದಲ್ಲಿ ನೇತಾಡುವ ಚಪ್ಪಲಿಗಳ ನಡುವೆ ಮುಖವೇ ಕಾಣದಷ್ಟು ಮಾಲು. ಬಾಗಿಲಲ್ಲೇ ಶಶಿಕಲಾ ನಿಂತುಬಿಟ್ಟಳು. ಹುಣಸೆಹಣ್ಣಿನ ಬಣ್ಣದ ಒಂದು ಜೊತೆ, ಎರಡು ಬೆರಳು ಎತ್ತರದ ಹಿಮ್ಮಡಿ, ಪಕ್ಕದಲ್ಲಿ ಸಣ್ಣ ಹಿತ್ತಾಳೆಯ ಬಕ್ಕಲು. ಸಾಬರು ಕೋಲಿನಿಂದ ಇಳಿಸಿಕೊಟ್ಟರು. ಆಕೆ ಕೈ ಚಾಚುವ ಮೊದಲು ನಾನೇ ತೆಗೆದುಕೊಂಡೆ. ಎರಡರ ಪಟ್ಟಿಯನ್ನೂ ಎರಡು ಬೆರಳಿಗೆ ಸಿಕ್ಕಿಸಿ ತೂಗಿದೆ. ತಳಕ್ಕೆ ತಳ ಜೋಡಿಸಿದೆ. ಹಿಮ್ಮಡಿ ಅಡ್ಡ ಬಂದು ಕೂಡಲಿಲ್ಲ. ಸೆರಗಿನೊಳಗೆ ಇಟ್ಟು ಕಂಕುಳಲ್ಲಿ ಒತ್ತಿ ನಾಲ್ಕು ಹೆಜ್ಜೆ ನಡೆದೆ, ಜಾರಿತು. “ಇದೂ ಬ್ಯಾಡ” ಎಂದೆ.

“ಅರೇ ಅಮ್ಮಾ,” ಎಂದರು ಖಾದರ್ ಸಾಬರು, “ಚಪ್ಪಲ್ ಕೈಗೆ ಹಾಕ್ಕೋತೀರೇನು? ಬಳಿ ಅಂಗಡಿ ಅತ್ಲಾಕಡಿ ಐತಿ ನೋಡ್ರಿ!”

ನಾನು ನಗಲು ಹೋದೆ. ಶಶಿಕಲಾ ನಗಲಿಲ್ಲ. ಕಣ್ಣಲ್ಲಿ ನೀರು. “ಅಜ್ಜೀ, ಮುಂಜಾನಿಂದ ನೋಡಾಕ್ಹತ್ತೀನಿ. ಒಂದನ್ನರ ನನ್ನ ಕಾಲಿಗೆ ಹಾಕಾಕ ಬಿಟ್ಟೀಯೇನು? ಬರೀ ಹಿಡದು ಹಿಡದು ನೋಡ್ತೀ. ನಾನು ಇದನ್ನ ಕಾಲಾಗ ಹಾಕ್ಕೊಂಡು ಹೋಗಾಕಿ, ಹೊತಗೊಂಡು ಹೋಗಾಕಿ ಅಲ್ಲ!”

ನನ್ನ ಕೈ ಅಲ್ಲೇ ನಿಂತಿತು. ಹುಡುಗಿ ಹೇಳಿದ್ದು ಸುಳ್ಳಲ್ಲ. ನಮ್ಮೂರಲ್ಲಿ ಹೆಂಗಸರು, ಅದರಲ್ಲೂ ಸೊಸೆಯಾಗಿ ಬಂದವಳು, ಹಿರಿಯರೆದುರು ಚಪ್ಪಲಿ ಮೆಟ್ಟುವಂತಿರಲಿಲ್ಲ. ನಮ್ಮ ಓಣಿಯ ಮೂಲೆಯ ಕಟ್ಟೆಯ ಮೇಲೆ ನಮ್ಮ ಮನೆಯವರ ಅಣ್ಣ, ನನ್ನ ದೊಡ್ಡ ಭಾವ, ಬೆಳಗಿನಿಂದ ಸಂಜೆವರೆಗೆ ಕೂತಿರುತ್ತಿದ್ದರು. ಹಾಗಾಗಿ ಬಾಗಿಲಲ್ಲಿ ಮೆಟ್ಟಿದ್ದನ್ನು ಕಟ್ಟೆಗೆ ಮುಂಚೆ ಬರುವ ಬೇವಿನ ಮರದ ಹತ್ತಿರ ಬಿಚ್ಚಿ ಕೈಗೆ ತೆಗೆದುಕೊಳ್ಳಬೇಕು. ಕಟ್ಟೆ ದಾಟಿದ ಮೇಲೆ ಮೆಟ್ಟಿದರೆ ಗೌಡರ ಮನೆ, ಮತ್ತೆ ಕೈಗೆ. ಆಮೇಲೆ ಬಸವಣ್ಣನ ಗುಡಿ. ಆಮೇಲೆ ಸೋದರಮಾವನವರ ಅಂಗಡಿ. ಲೆಕ್ಕ ಹಾಕಿದರೆ ನನ್ನ ಚಪ್ಪಲಿ ಕಾಲಲ್ಲಿ ನಡೆದದ್ದು ಚಹಾದಂಗಡಿಯಿಂದ ಬಸ್ಸು ನಿಲ್ಲುವ ಜಾಗದವರೆಗೆ ಮಾತ್ರ. ಹನ್ನೆರಡು ವರ್ಷ ಹೊಸದಾಗಿ ಉಳಿಯದೆ ಏನು ಮಾಡೀತು? ಈ ಜನ್ಮದಲ್ಲಿ ನನಗೆ ಚಪ್ಪಲಿಯೆಂದರೆ ಕೈಯಲ್ಲಿ ಹಿಡಿಯುವ ಸಾಮಾನು, ತಂಬಿಗೆಯ ಹಾಗೆ. ನಾನು ಬೆಳಗಿನಿಂದ ಆದೋನಿಯ ಬಜಾರನ್ನೆಲ್ಲ ಸುತ್ತಿ ಮೊಮ್ಮಗಳ ಕೈಗೆ ಹೊಂದುವ ಚಪ್ಪಲಿ ಹುಡುಕುತ್ತಿದ್ದೆ.

ತಪ್ಪು ತಿಳಿದ ಮೇಲೆ ನಾನು ಇನ್ನೊಂದು ತುದಿಗೆ ಹಾರುವವಳು. “ಸಾಬ್ರ, ಇದಕ್ಕಿಂತ ಎತ್ತರದ್ದು ಐತೇನ್ರಿ? ಅಂಗಡಿಯಾಗ ಎಲ್ಲಾಕಿಂತ ಎತ್ತರದ್ದು ತೆಗೀರಿ!” ಎಂದೆ. ಸಾಬರು ಕಿವಿ ಮುಟ್ಟಿಕೊಂಡರು. “ಬ್ಯಾಡಮ್ಮಾ, ಅದು ಹಾಕ್ಕೊಂಡ್ರ ಬಸ್ಸು ಹತ್ತಾಕ ಏಣಿ ಬೇಕಾಗ್ತೈತಿ. ಬೇಟಿಗೆ ಇದೇ ಸರಿ. ನಡೀ ಬೇಟೀ, ನಡದು ತೋರ್ಸು ಅಜ್ಜಿಗೆ.” ಶಶಿಕಲಾ ಬಕ್ಕಲು ಹಾಕಿಕೊಂಡು ಎದ್ದು ನಿಂತಳು. ಅಂಗಡಿಯ ಬಂಡೆಗಲ್ಲಿನ ಮೇಲೆ ನಡೆದಳು: ಟಕ್, ಟಕ್, ಟಕ್. ಎದುರಿನ ಬಟ್ಟೆ ಅಂಗಡಿಯಲ್ಲಿ ಕೂತವರಿಬ್ಬರು ತಲೆಯೆತ್ತಿ ನೋಡಿದರು. ನನಗೆ ಅಷ್ಟು ಸಾಕಾಯಿತು. ಬೆಲೆ ಕೇಳಿ ನಾನು ಹೌಹಾರಿದ್ದಕ್ಕೆ ಸಾಬರು ಎರಡು ರೂಪಾಯಿ ಇಳಿಸಿದರು, ನಾನು ಮೂರು ಸಲ ಮುನಿದು ಹೊರಗೆ ಹೋಗಿ ಬಂದ ಮೇಲೆ ಇನ್ನೊಂದು ಇಳಿಸಿದರು. ಓಡಿ ಬಸ್ಸು ಹಿಡಿದೆವು. ಊರು ಮುಟ್ಟುವತನಕ ಚಪ್ಪಲಿಯ ಡಬ್ಬಿಯನ್ನು ನಾನೇ ತೊಡೆಯ ಮೇಲೆ ಇಟ್ಟುಕೊಂಡಿದ್ದೆ, ಪಕ್ಕದಲ್ಲಿ ಕೂತ ದೇವನಕೊಂಡದ ಹೆಂಗಸಿಗೆ ನಾಲ್ಕು ಸಲ ತೆರೆದು ತೋರಿಸಿದೆ. ನಾಲ್ಕನೇ ಸಲ ಆಕೆ ಕಣ್ಣು ಮುಚ್ಚಿಕೊಂಡು ನಿದ್ದೆ ಬಂದವಳ ಹಾಗೆ ಮಾಡಿದಳು.

ಮನೆಯಲ್ಲಿ ಪಾರ್ವತಿ ಡಬ್ಬಿ ತೆರೆದು ಹಣೆ ಬಡಿದುಕೊಂಡಳು. “ಅತ್ತೀ, ನಿಮಗರ ತಿಳೀಬಾರ್ದೇನ್ರಿ? ಕಟ್ಟಿ ಮ್ಯಾಲ ದೊಡ್ಡ ಮಾವ ಕುಂತಿರ್ತಾರ. ಅವರ ಮುಂದ ಟಕ್ ಟಕ್ ಅಂತ ಹೆಂಗ ಹೋಗ್ತಾಳ ಈಕಿ? ಕೈಯಾಗ ಹಿಡಕೊಂಡು ಹೋಗಲಿ, ಬಸ್ಸಿನಾಗ ಹಾಕ್ಕೊಳ್ಳಲಿ.” ನಾನು ಜೋರಾಗಿಯೇ ಹೇಳಿದೆ: “ಕಾಲಾಗ ಹಾಕ್ಕೊಂಡೇ ಹೋಗ್ತಾಳ. ಭಾವಾರಿಗೆ ನಾ ಹೇಳ್ತೀನಿ.” ಹೇಳಿದ್ದೇನೋ ಹೇಳಿದೆ. ಆ ಮನುಷ್ಯನ ಎದುರಿಗೆ ನಾನು ಮದುವೆಯಾಗಿ ಬಂದಂದಿನಿಂದ ನಿಂತು ಹತ್ತು ಮಾತಾಡಿದವಳಲ್ಲ. ಭಾನುವಾರವೆಲ್ಲ ನಾನು ಒಳಗಿನಿಂದ ಹೊರಗೆ, ಹೊರಗಿನಿಂದ ಒಳಗೆ. ಪಾರ್ವತಿ “ನೀವು ಒಂದ್ಕಡಿ ಕುಂದ್ರರೀ, ನನಗ ತಲಿ ತಿರಗಾಕ್ಹತ್ತೈತಿ” ಎಂದಳು.

ಸೋಮವಾರ ಬೆಳಿಗ್ಗೆ ಶಶಿಕಲಾ ಮುಂದೆ, ಊಟದ ಡಬ್ಬಿಯ ಚೀಲ ಹೆಗಲಿಗೆ ಹಾಕಿಕೊಂಡು ನಾನು ಹಿಂದೆ. ಬೇವಿನ ಮರದ ಹತ್ತಿರ ಆಕೆಯ ಹೆಜ್ಜೆ ನಿಧಾನವಾಯಿತು. ತಿರುಗಿ ನನ್ನನ್ನು ನೋಡಿದಳು. ಬಗ್ಗಿ ಬಿಚ್ಚಲೇ ಎಂದು ಕಣ್ಣಲ್ಲೇ ಕೇಳಿದಳು. “ನಡೀ” ಎಂದೆ. ನಡೆದಳು. ಓಣಿಯ ಹಾಸುಗಲ್ಲಿನ ಮೇಲೆ ಟಕ್, ಟಕ್, ಟಕ್. ಕಟ್ಟೆಯ ಮೇಲೆ ಭಾವನವರು ಕೂತಿದ್ದರು. ಎರಡು ಕಣ್ಣಿಗೂ ಪೊರೆ ಬಂದು ಈಗ ಕಿವಿಯಲ್ಲೇ ಊರು ನೋಡುವವರು. ಸಪ್ಪಳಕ್ಕೆ ತಲೆ ಎತ್ತಿದರು. ಕೋಲು ಹುಡುಕಿದರು. ನಿಧಾನವಾಗಿ ಎದ್ದು ನಿಂತು, ರುಮಾಲು ಸರಿಪಡಿಸಿಕೊಂಡು, ಕೈ ಮುಗಿದರು. “ನಮಸ್ಕಾರ್ರೀ ಸಾಹೇಬ್ರ. ಯಾವ ಆಫೀಸಿನವರ್ರೀ ತಾವು?”

“ನಾನ್ರೀ ದೊಡ್ಡಜ್ಜಾ, ಶಶಿಕಲಾ. ಆಫೀಸಿಗೆ ಹೊಂಟೀನ್ರೀ.”

ಅವರು ಮುಗಿದ ಕೈ ಇಳಿಸಲಿಲ್ಲ. “ನೀನಾ? ಹೌದವ್ವಾ, ನೀನೂ ಸಾಹೇಬಳೇ ಈಗ. ಹೋಗಿ ಬಾ ತಾಯಿ, ಬಸ್ಸು ತಪ್ಪೀತು” ಎಂದರು. ಗುಡಿಯ ತಿರುವಿನಲ್ಲಿ ನಾನು ಹಿಂದಿರುಗಿ ನೋಡಿದಾಗಲೂ ಆಕೆಯ ಸಪ್ಪಳಕ್ಕೆ ಕಿವಿಗೊಟ್ಟು ನಿಂತೇ ಇದ್ದರು.

ಹುಡುಗಿಯನ್ನು ಬಸ್ಸು ಹತ್ತಿಸಿ ಹಿಂದಿರುಗುವಾಗ ನನ್ನ ಎದೆ ಉಬ್ಬಿ ರವಿಕೆಯ ಗುಂಡಿ ಹರಿಯುವಂತಿತ್ತು. ನೋಡಿಕೊಂಡರೆ ನನ್ನ ಚಪ್ಪಲಿ ಕೈಯಲ್ಲಿದ್ದವು. ಯಾವಾಗ ಬಿಚ್ಚಿದೆನೋ ಶಿವನೇ ಬಲ್ಲ. ಇವತ್ತಲ್ಲದೆ ಇನ್ನು ಯಾವತ್ತು ಎಂದು ಧೈರ್ಯ ಮಾಡಿ, ಕಟ್ಟೆಗೆ ಹತ್ತು ಮಾರು ಇರುವಾಗ ಎರಡನ್ನೂ ನೆಲಕ್ಕಿಟ್ಟು ಮೆಟ್ಟಿದೆ. ಭಾವನವರ ಎದುರಿಗೆ ಮೊದಲನೇ ಸಲ ಚಪ್ಪಲಿಯಲ್ಲಿ ನಡೆದೆ. ಅವರು ಏಳಲಿಲ್ಲ. ಹೋಗಲಿ, ಬೈಯಲೂ ಇಲ್ಲ. ತಿರುಗಿ ಬಂದು ಇನ್ನೊಂದು ಸಲ ನಡೆದೆ. ಟೈರಿನ ತಳ, ಉಸಿರೆತ್ತಲಿಲ್ಲ. ಮೂರನೇ ಸಲ ತಡೆಯಲಾರದೆ ಕೆಮ್ಮಿದೆ.

“ಯಾರದು?”

“ನಾನ್ರೀ, ಬಸಮ್ಮ.”

“ಅಲ್ಲವ್ವಾ, ಮೊಮ್ಮಗಳು ನೌಕರಿಗೆ ಹೋಗೋ ಕಾಲ ಬಂತು,” ಎಂದರು ಭಾವನವರು, “ನೀನು ಇನ್ನಾ ಬರಿಗಾಲಾಗ ಬಿಸಲಾಗ ತಿರಗ್ತೀಯಲ್ಲ. ಒಂದು ಜೋಡು ಚಪ್ಪಲಿ ಹಾಕ್ಕೋಬಾರ್ದೇನು?”

“ಹಾಕ್ಕೋತೀನ್ರೀ” ಎಂದೆ. ಮನೆಗೆ ಬಂದು ನೋಡಿಕೊಂಡರೆ ಎರಡೂ ಮತ್ತೆ ಕೈಯಲ್ಲೇ ಇದ್ದವು.